ಸಡಿಲವಾದ ಕೀಲಿಗೆ ಬೆಸುಗೆ: ಪುಟ್ಟ ನಾಯಿಗಳ ಕತ್ತಿನ ಶಸ್ತ್ರಚಿಕಿತ್ಸೆ

(ನಾಯಿ ಸಾಕುವವರೂ ಪಶುವೈದ್ಯ ವಿದ್ಯಾರ್ಥಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಸಭಿಕರಿಗೆ ನಮಸ್ಕಾರ.

ಕೆಲವು ವರ್ಷಗಳ ಹಿಂದೆ ಒಬ್ಬ ಹಿರಿಯ ಮಹಿಳೆ ತಮ್ಮ ನಾಯಿಯನ್ನು ಹಳೆಯ ಹತ್ತಿಸೀರೆಯಲ್ಲಿ ಸುತ್ತಿಕೊಂಡು ನನ್ನ ಬಳಿಗೆ ತಂದರು. ಚಿಹುವಾಹುವಾ ತಳಿಯ ಒಂದೂವರೆ ವರ್ಷದ ಹೆಣ್ಣು ನಾಯಿ ಅದು. ಹೆಸರು ಚಿನ್ನು, ತೂಕ 1.8 ಕಿಲೋ. “ಹೊಟ್ಟೆನೋವು ಅಂತ ಎರಡು ತಿಂಗಳಿಂದ ಔಷಧಿ ಹಾಕ್ತಿದ್ದೀವಿ ಡಾಕ್ಟ್ರೇ. ಎತ್ತಿಕೊಂಡ್ರೆ ಕುಂಯ್ ಅಂತ ಕಿರುಚುತ್ತೆ. ತಟ್ಟೆ ನೆಲದ ಮೇಲಿಟ್ರೆ ಮೂಸಿ ನೋಡಿ ಸುಮ್ಮನಾಗುತ್ತೆ. ಸ್ಟೀಲ್ ಡಬ್ಬ ಬೋರಲು ಹಾಕಿ ಅದರ ಮೇಲೆ ತಟ್ಟೆ ಇಟ್ರೆ ಮಾತ್ರ ಪೂರ್ತಿ ತಿನ್ನುತ್ತೆ” ಎಂದರು. ಅವರು ಕೊನೆಯಲ್ಲಿ ಹೇಳಿದ ಆ ಡಬ್ಬದ ಮಾತಿನಲ್ಲಿಯೇ ರೋಗದ ಸುಳಿವು ಇತ್ತು. ಹೊಟ್ಟೆ ನೋಯುವ ನಾಯಿ ತಟ್ಟೆಯನ್ನು ಎಲ್ಲಿಟ್ಟರೂ ತಿನ್ನುವುದಿಲ್ಲ. ಹಸಿವಿದ್ದೂ ತಲೆ ಬಗ್ಗಿಸಲಾಗದ ನಾಯಿ ಮಾತ್ರ ತಟ್ಟೆ ಮೇಲೆ ಬರಲಿ ಎಂದು ಕಾಯುತ್ತದೆ. ನಾನು ಆ ನಾಯಿಯ ಕತ್ತನ್ನು ಬಗ್ಗಿಸಿ ಪರೀಕ್ಷಿಸಲಿಲ್ಲ. ಅದು ಏಕೆಂಬುದನ್ನು ವಿವರಿಸುವುದು ಈ ಉಪನ್ಯಾಸದ ಮೊದಲ ಕೆಲಸ.

ನಾಯಿಯ ಕತ್ತಿನಲ್ಲಿ ಏಳು ಮೂಳೆಗಳಿವೆ. ನಮ್ಮ ಕತ್ತಿನಲ್ಲೂ ಏಳು, ಜಿರಾಫೆಯ ಕತ್ತಿನಲ್ಲೂ ಏಳು. ಇವುಗಳಲ್ಲಿ ಮೊದಲನೆಯದಕ್ಕೆ ಅಟ್ಲಾಸ್ ಎಂದೂ ಎರಡನೆಯದಕ್ಕೆ ಆಕ್ಸಿಸ್ ಎಂದೂ ಹೆಸರು. ಅಟ್ಲಾಸ್ ತಲೆಬುರುಡೆಯನ್ನು ಹೊತ್ತ ಬಳೆಯಾಕಾರದ ಮೂಳೆ; ಅದರ ಎರಡು ಪಕ್ಕಗಳಲ್ಲಿ ರೆಕ್ಕೆಗಳಂತೆ ಚಾಚಿದ ಭಾಗಗಳಿವೆ. ಆಕ್ಸಿಸ್ ಉದ್ದನೆಯ ಮೂಳೆ; ಅದರ ಮುಂತುದಿಯಿಂದ ಹೊರಟ ಒಂದು ಸಣ್ಣ ಗೂಟ ಅಟ್ಲಾಸಿನ ಬಳೆಯೊಳಗೆ ಹೋಗಿ ಕೂರುತ್ತದೆ. ಈ ಗೂಟವನ್ನು ಡೆನ್ಸ್ ಎನ್ನುತ್ತಾರೆ. ಬೀಸುವ ಕಲ್ಲನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ: ಕೆಳಗಲ್ಲಿನ ನಡುವೆ ನಿಂತ ಗೂಟದ ಸುತ್ತ ಮೇಲುಗಲ್ಲು ತಿರುಗುವಂತೆ, ಡೆನ್ಸ್ ಎಂಬ ಗೂಟದ ಸುತ್ತ ಅಟ್ಲಾಸೂ ಅದರ ಮೇಲಿನ ತಲೆಯೂ ತಿರುಗುತ್ತವೆ. ತಲೆಯನ್ನು ಮೇಲೆ ಕೆಳಗೆ ಆಡಿಸುವ ಚಲನೆ ಹೆಚ್ಚಾಗಿ ಬುರುಡೆ ಮತ್ತು ಅಟ್ಲಾಸಿನ ನಡುವೆ ನಡೆದರೆ, ಎಡಕ್ಕೂ ಬಲಕ್ಕೂ ಹೊರಳಿಸುವ ಚಲನೆ ಹೆಚ್ಚಾಗಿ ಅಟ್ಲಾಸ್ ಮತ್ತು ಆಕ್ಸಿಸ್‌ಗಳ ನಡುವೆ ನಡೆಯುತ್ತದೆ.

ಬೆನ್ನುಮೂಳೆಯ ಉಳಿದ ಕಡೆಗಳಲ್ಲಿ ಎರಡು ಮೂಳೆಗಳ ನಡುವೆ ಡಿಸ್ಕ್ ಎಂಬ ಮೆತ್ತೆ ಇರುತ್ತದೆ. ಅದು ಅವುಗಳನ್ನು ಅಂಟಿಸಿ ಹಿಡಿಯುವ ಕೆಲಸವನ್ನೂ ಮಾಡುತ್ತದೆ. ಅಟ್ಲಾಸ್ ಮತ್ತು ಆಕ್ಸಿಸ್‌ಗಳ ನಡುವೆ ಡಿಸ್ಕ್ ಇಲ್ಲ. ಇಲ್ಲಿನ ಭದ್ರತೆಯೆಲ್ಲ ಡೆನ್ಸ್‌ನ ಗಟ್ಟಿತನವನ್ನೂ ಅದನ್ನು ಬಿಗಿದ ಅಸ್ಥಿಬಂಧಗಳನ್ನೂ ಅವಲಂಬಿಸಿದೆ. ಆ ಬಂಧಗಳಲ್ಲಿ ಮುಖ್ಯವಾದುದು ಡೆನ್ಸ್‌ನ ಮೇಲೆ ಅಡ್ಡಲಾಗಿ ಹಾದು, ಅದನ್ನು ಅಟ್ಲಾಸಿನ ತಳಕ್ಕೆ ಒತ್ತಿ ಹಿಡಿಯುವ ಪಟ್ಟಿ. ಡೆನ್ಸ್‌ನ ತುದಿಯನ್ನು ಬುರುಡೆಯ ತಳಕ್ಕೆ ಕಟ್ಟುವ ಸಣ್ಣ ಬಂಧಗಳೂ, ಎರಡು ಮೂಳೆಗಳ ಬೆನ್ನಭಾಗವನ್ನು ಜೋಡಿಸುವ ಇನ್ನೊಂದು ಬಂಧವೂ ಇದಕ್ಕೆ ನೆರವಾಗುತ್ತವೆ. ಅಡ್ಡಪಟ್ಟಿಯ ಮೇಲೆಯೇ ಬೆನ್ನುಹುರಿ ಹಾದುಹೋಗುತ್ತದೆ.

ಪುಟ್ಟ ತಳಿಗಳಲ್ಲಿ ಈ ಏರ್ಪಾಡು ಹುಟ್ಟಿನಿಂದಲೇ ಕೆಟ್ಟಿರಬಹುದು. ಯಾರ್ಕ್‌ಷೈರ್ ಟೆರಿಯರ್, ಚಿಹುವಾಹುವಾ, ಟಾಯ್ ಪೂಡಲ್, ಪೊಮೆರೇನಿಯನ್, ಮಾಲ್ಟೀಸ್, ಪೆಕಿಂಗೀಸ್ ತಳಿಗಳಲ್ಲಿ ಡೆನ್ಸ್ ಬೆಳೆಯದೆ ಮೊಂಡಾಗಿ ಉಳಿದಿರಬಹುದು, ಇಲ್ಲದೆಯೇ ಇರಬಹುದು, ಆಕ್ಸಿಸ್‌ನ ಒಡಲಿಗೆ ಬೆಸೆದುಕೊಳ್ಳದೆ ಬಿಡಿಯಾಗಿ ನಿಂತಿರಬಹುದು, ಇಲ್ಲವೆ ಡೆನ್ಸ್ ಸರಿಯಾಗಿದ್ದು ಅದನ್ನು ಹಿಡಿಯಬೇಕಾದ ಅಡ್ಡಪಟ್ಟಿಯೇ ಇಲ್ಲದಿರಬಹುದು. ಆಕ್ಸಿಸ್ ಒಂದೇ ಮೂಳೆಯಾಗಿ ಹುಟ್ಟುವುದಿಲ್ಲ. ಹಲವು ತುಣುಕುಗಳು ಕೂಡಿ ಮರಿಯ ಮೊದಲ ವರ್ಷದಲ್ಲಿ ಒಂದಾಗುತ್ತವೆ. ಆ ಕೂಡಿಕೆಯಲ್ಲಾದ ಲೋಪವೇ ಹಲವು ನಾಯಿಗಳಲ್ಲಿ ರೋಗದ ಮೂಲ. ದೊಡ್ಡ ನಾಯಿಗಳಲ್ಲೂ ವಾಹನ ಬಡಿದು ಡೆನ್ಸ್ ಮುರಿದರೆ ಅಥವಾ ಬಂಧ ಹರಿದರೆ ಇದೇ ಸ್ಥಿತಿ ಉಂಟಾಗುತ್ತದೆ. ಡಾಬರ್‌ಮನ್ ಮತ್ತು ಗ್ರೇಟ್ ಡೇನ್‌ಗಳ ತೂರಾಡುವ ನಡಿಗೆಗೆ ಕಾರಣವಾಗುವ ಕತ್ತಿನ ರೋಗ ಬೇರೆ. ಅದು ಕತ್ತಿನ ಕೆಳಭಾಗದ ಮೂಳೆಗಳಿಗೆ ಸಂಬಂಧಿಸಿದ್ದು, ಅದರ ಶಸ್ತ್ರಚಿಕಿತ್ಸೆಯ ತರ್ಕವೂ ಬೇರೆ. ಅದನ್ನು ಇಂದು ಎತ್ತಿಕೊಳ್ಳುವುದಿಲ್ಲ.

ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ‘ಪಾಮ್’ ಎಂದು ಕರೆಯುತ್ತ ಬಂದ ಬಿಳಿಯ ನಾಯಿ ಬಹುಮಟ್ಟಿಗೆ ಇಂಡಿಯನ್ ಸ್ಪಿಟ್ಸ್. ಅದು ಮೈಕಟ್ಟಿನಲ್ಲಿ ನಿಜವಾದ ಪೊಮೆರೇನಿಯನ್‌ಗಿಂತ ದೊಡ್ಡದು. ಈಗ ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಅಂಗೈ ಮೇಲೆ ಕೂರುವಷ್ಟು ಸಣ್ಣ ನಾಯಿಗಳು ಹೆಚ್ಚಾಗಿರುವುದರಿಂದ, ಪುಸ್ತಕದಲ್ಲಿ ಮಾತ್ರ ಓದುತ್ತಿದ್ದ ಈ ರೋಗವನ್ನು ಇಲ್ಲಿನ ಪಶುವೈದ್ಯರೂ ಪರೀಕ್ಷೆಯ ಮೇಜಿನ ಮೇಲೆ ಕಾಣುವಂತಾಗಿದೆ. ಆದುದರಿಂದಲೇ ಈ ವಿಷಯವನ್ನು ಕನ್ನಡದಲ್ಲಿ ವಿವರವಾಗಿ ಹೇಳಬೇಕೆಂದು ನನಗೆ ಬಹಳ ದಿನಗಳಿಂದ ಅನ್ನಿಸಿತ್ತು.

ಕೀಲು ಸಡಿಲವಾದಾಗ ಏನಾಗುತ್ತದೆ? ನಾಯಿ ತಲೆ ತಗ್ಗಿಸಿದಾಗ ಅಟ್ಲಾಸ್ ಮುಂದಕ್ಕೆ ಬಾಗುತ್ತದೆ, ಆಕ್ಸಿಸ್‌ನ ಮುಂತುದಿ ಮೇಲಕ್ಕೇಳುತ್ತದೆ, ನಡುವೆ ಸಿಕ್ಕ ಬೆನ್ನುಹುರಿ ಜಜ್ಜಿಹೋಗುತ್ತದೆ. ಈ ಭಾಗದಲ್ಲಿ ಬೆನ್ನುಹುರಿಯ ಸುತ್ತ ಸ್ವಲ್ಪ ಹೆಚ್ಚಿನ ತೆರಪು ಇರುವುದರಿಂದ ಸಣ್ಣ ಜರುಗುವಿಕೆಯನ್ನು ಅದು ತಾಳಿಕೊಳ್ಳುತ್ತದೆ, ಹಾಗಾಗಿ ಕೆಲವು ನಾಯಿಗಳು ಹುಟ್ಟಿದಾಗಿನಿಂದ ದೋಷವಿದ್ದೂ ತಿಂಗಳುಗಟ್ಟಲೆ ಏನೂ ಆಗದಂತೆ ಓಡಾಡಿಕೊಂಡಿರುತ್ತವೆ. ಆಮೇಲೆ ಒಂದು ದಿನ ಸೋಫಾದಿಂದ ಹಾರಿದಾಗಲೋ, ಮತ್ತೊಂದು ನಾಯಿಯೊಡನೆ ಆಡುವಾಗಲೋ ಎಲ್ಲವೂ ಒಮ್ಮೆಗೇ ಹೊರಬೀಳುತ್ತದೆ. ಹೆಚ್ಚಿನ ನಾಯಿಗಳಲ್ಲಿ ಲಕ್ಷಣಗಳು ಎರಡು ವರ್ಷ ತುಂಬುವುದರೊಳಗೆ ಕಾಣಿಸಿಕೊಳ್ಳುತ್ತವೆ. ಕೆಲವಕ್ಕೆ ಕತ್ತುನೋವು ಮಾತ್ರ ಇರುತ್ತದೆ. ಕೆಲವು ತೂರಾಡುತ್ತವೆ, ಪಾದ ಮಡಚಿಕೊಂಡು ಎಳೆಯುತ್ತವೆ. ಕೆಲವು ನಾಲ್ಕು ಕಾಲುಗಳ ಬಲವನ್ನೂ ಕಳೆದುಕೊಂಡು ಮಲಗುತ್ತವೆ. ನೋವೇ ಇಲ್ಲದೆ ಬರಿಯ ನಡಿಗೆಯ ದೋಷದೊಂದಿಗೆ ಬರುವ ನಾಯಿಗಳೂ ಇವೆ, ಆದ್ದರಿಂದ ನೋವಿಲ್ಲವೆಂಬ ಕಾರಣಕ್ಕೆ ಈ ರೋಗವನ್ನು ತಳ್ಳಿಹಾಕಬಾರದು.

ಎಲ್ಲಕ್ಕಿಂತ ಭಯಾನಕವಾದುದು ಉಸಿರಾಟಕ್ಕೆ ಸಂಬಂಧಿಸಿದ್ದು. ವಪೆಯನ್ನು ಆಡಿಸುವ ನರ ಕತ್ತಿನ ಕೆಳಭಾಗದಲ್ಲಿ ಬೆನ್ನುಹುರಿಯಿಂದ ಹೊರಡುತ್ತದೆ, ಪಕ್ಕೆಲುಬುಗಳ ಸ್ನಾಯುಗಳಿಗೆ ಹೋಗುವ ನರಗಳು ಅದಕ್ಕಿಂತಲೂ ಕೆಳಗೆ ಹೊರಡುತ್ತವೆ. ಉಸಿರಾಡು ಎಂಬ ಆಜ್ಞೆ ಮಿದುಳಿನ ಬುಡದಿಂದ ಇಳಿದು ಈ ನರಗಳನ್ನು ಮುಟ್ಟಬೇಕಾದರೆ ಅಟ್ಲಾಸ್ ಮತ್ತು ಆಕ್ಸಿಸ್‌ಗಳ ನಡುವೆ ಹಾದೇ ಬರಬೇಕು. ಆ ದಾರಿ ಪೂರ್ತಿ ಕಡಿದುಹೋದರೆ ನಾಯಿ ನಿಮಿಷಗಳಲ್ಲಿ ಸಾಯುತ್ತದೆ. ನಾನು ಚಿನ್ನುವಿನ ಕತ್ತನ್ನು ಬಗ್ಗಿಸಿ ನೋಡದಿದ್ದುದು ಇದಕ್ಕಾಗಿ. ವಿದ್ಯಾರ್ಥಿಗಳಿಗೆ ಇದೊಂದನ್ನು ಒತ್ತಿ ಹೇಳುತ್ತೇನೆ: ಎರಡು ಕಿಲೋ ಆಸುಪಾಸಿನ ಎಳೆಯ ನಾಯಿ ಎತ್ತಿದರೆ ಕಿರುಚುತ್ತದೆ ಎಂದು ಯಾರಾದರೂ ಹೇಳಿದರೆ, ಕತ್ತು ಎಷ್ಟು ಬಾಗುತ್ತದೆ ಎಂದು ನೋಡಲು ಹೋಗಬೇಡಿ.

ರೋಗವನ್ನು ಖಚಿತಪಡಿಸುವ ಮೊದಲ ಸಾಧನ ಎಕ್ಸ್-ರೇ. ನಾಯಿಯನ್ನು ಪಕ್ಕಕ್ಕೆ ಮಲಗಿಸಿ, ತಲೆಯ ಕೆಳಗೆ ಮೆತ್ತೆ ಕೊಟ್ಟು, ಕತ್ತು ಸಹಜವಾದ ನೇರದಲ್ಲಿ ಇರುವಂತೆ ಚಿತ್ರ ತೆಗೆದರೆ ಅನೇಕ ಸಲ ಅಷ್ಟೇ ಸಾಕಾಗುತ್ತದೆ. ಆಕ್ಸಿಸ್‌ನ ಬೆನ್ನಮೇಲಿನ ಏಣು ಅಟ್ಲಾಸಿನ ಕಮಾನಿನ ಮೇಲೆ ಚಾಚಿಕೊಂಡಿರುವುದು ಸಹಜ ಸ್ಥಿತಿ. ರೋಗವಿದ್ದಾಗ ಇವೆರಡರ ನಡುವೆ ಅಂತರ ತೆರೆದುಕೊಂಡಿರುತ್ತದೆ. ಅಷ್ಟರಲ್ಲಿ ತಿಳಿಯದಿದ್ದಾಗ ಮಾತ್ರ, ಕಿರಣದ ಕೆಳಗೆ ಕಣ್ಣಿಟ್ಟು ನೋಡುತ್ತ, ಬಹಳ ಸ್ವಲ್ಪ ಬಗ್ಗಿಸಬಹುದು. ಅರಿವಳಿಕೆ ಕೊಟ್ಟ ನಾಯಿಯಲ್ಲಿ ಇನ್ನೂ ಎಚ್ಚರ ಬೇಕು. ಎಚ್ಚರವಿರುವ ನಾಯಿ ತನ್ನ ಕತ್ತಿನ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಾದ ಕೀಲನ್ನು ತಾನೇ ಕಾಯುತ್ತಿರುತ್ತದೆ, ಅರಿವಳಿಕೆ ಆ ಕಾವಲನ್ನು ತೆಗೆದುಬಿಡುತ್ತದೆ. ಮೂಳೆಯ ಆಕಾರವನ್ನು ಮಿಲಿಮೀಟರ್ ಲೆಕ್ಕದಲ್ಲಿ ತಿಳಿಯಲು ಸಿ.ಟಿ. ಸ್ಕ್ಯಾನ್ ಬೇಕು. ಬೆನ್ನುಹುರಿಗೆ ಎಷ್ಟು ಪೆಟ್ಟಾಗಿದೆ, ಜೊತೆಗೆ ತಲೆಬುರುಡೆಯ ಹಿಂಭಾಗದಲ್ಲಿ ಬೇರೆ ಹುಟ್ಟುದೋಷಗಳಿವೆಯೇ, ಮಿದುಳಿನಲ್ಲಿ ನೀರು ತುಂಬಿದೆಯೇ ಎಂಬುದನ್ನು ಎಂ.ಆರ್.ಐ. ತೋರಿಸುತ್ತದೆ. ಪುಟ್ಟ ತಳಿಗಳಲ್ಲಿ ಇಂಥ ದೋಷಗಳು ಒಂದರ ಜೊತೆ ಇನ್ನೊಂದು ಇರುವುದು ಅಪರೂಪವಲ್ಲ.

ಶಸ್ತ್ರಚಿಕಿತ್ಸೆಯ ಮಾತಿಗೆ ಬರುವ ಮುನ್ನ, ಅದಿಲ್ಲದ ದಾರಿಯ ಬಗ್ಗೆ ನ್ಯಾಯವಾಗಿ ಹೇಳಬೇಕು. ಕಿವಿಗಳ ಮುಂದಿನಿಂದ ಎದೆಯ ಹಿಂಭಾಗದವರೆಗೆ ಗಟ್ಟಿಯಾದ ಕಟ್ಟು ಹಾಕಿ, ತಲೆ ಮತ್ತು ಕತ್ತು ಅಲುಗದಂತೆ ಮಾಡಿ, ನಾಯಿಯನ್ನು ಆರರಿಂದ ಹನ್ನೆರಡು ವಾರ ಪಂಜರದಲ್ಲಿ ಇರಿಸುವ ಕ್ರಮವಿದೆ. ಅಷ್ಟು ಕಾಲದಲ್ಲಿ ಕೀಲಿನ ಸುತ್ತ ನಾರಿನ ಅಂಗಾಂಶ ಬೆಳೆದು ತಕ್ಕಮಟ್ಟಿಗೆ ಬಿಗಿಯಾಗಲಿ ಎಂಬುದು ಇದರ ಉದ್ದೇಶ. ಅಮೆರಿಕದಲ್ಲಿ 1992ರಿಂದ 2001ರವರೆಗೆ ಹೀಗೆ ನೋಡಿಕೊಂಡ 19 ನಾಯಿಗಳ ವರದಿಯೊಂದು 2005ರಲ್ಲಿ ಪ್ರಕಟವಾಯಿತು. ಕೊನೆಯವರೆಗೆ ಮಾಹಿತಿ ಸಿಕ್ಕ 16 ನಾಯಿಗಳಲ್ಲಿ 10 ಚೆನ್ನಾಗಿದ್ದವು. ಇದು ತಳ್ಳಿಹಾಕುವಂಥ ಫಲಿತಾಂಶವಲ್ಲ. ಲಕ್ಷಣಗಳು ಶುರುವಾಗಿ ಕೆಲವೇ ದಿನಗಳಾಗಿರುವ ನಾಯಿಗೆ, ಮೂಳೆ ಇನ್ನೂ ಮೆತ್ತಗಿದ್ದು ಸ್ಕ್ರೂ ಹಿಡಿಯಲಾರದ ನಾಲ್ಕೈದು ತಿಂಗಳ ಮರಿಗೆ, ಅರಿವಳಿಕೆ ತಾಳಲಾರದ ನಾಯಿಗೆ ನಾನೂ ಕಟ್ಟನ್ನೇ ಹಾಕುತ್ತೇನೆ. ಆದರೆ ಆ ಕಟ್ಟಿನೊಂದಿಗೆ ಬದುಕುವುದು ಸುಲಭವಲ್ಲ. ನಮ್ಮ ಬೇಸಿಗೆಯಲ್ಲಿ ಅದರೊಳಗಿನ ಚರ್ಮ ಬೆವೆತಂತೆ ತೇವವಾಗಿ ಹುಣ್ಣಾಗುತ್ತದೆ, ಕಿವಿ ಸೋರುತ್ತದೆ, ದವಡೆ ಅಲುಗದೆ ಅನ್ನ ನೆತ್ತಿಗೇರುತ್ತದೆ. ವಾರಕ್ಕೊಮ್ಮೆ ಬಿಚ್ಚಿ ಕಟ್ಟುವಾಗಲೆಲ್ಲ ಕತ್ತು ಅಲುಗುವ ಭಯ ಇದ್ದೇ ಇರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕಟ್ಟು ತೆಗೆದ ಮೇಲೆ ಆ ಕೀಲನ್ನು ಹಿಡಿದಿರುವುದು ನಾರು ಮಾತ್ರ. ಇಲ್ಲದ ಡೆನ್ಸ್ ಹುಟ್ಟಿ ಬರುವುದಿಲ್ಲ, ಇಲ್ಲದ ಪಟ್ಟಿಯೂ ಬೆಳೆಯುವುದಿಲ್ಲ.

ಶಸ್ತ್ರಚಿಕಿತ್ಸೆಯಿಂದಲೂ ಅವುಗಳನ್ನು ಹುಟ್ಟಿಸಲಾಗುವುದಿಲ್ಲ ಎಂಬುದನ್ನು ನಾಯಿಯ ಮನೆಯವರು ಅರಿತುಕೊಳ್ಳಬೇಕು. ‘ಸರಿಮಾಡಿ ಕೊಡಿ’ ಎಂದು ಕೇಳುತ್ತಾರೆ; ನಾವು ಮಾಡುವುದು ಸರಿಪಡಿಸುವ ಕೆಲಸವಲ್ಲ, ಬೆಸೆಯುವ ಕೆಲಸ. ಎರಡು ಮೂಳೆಗಳನ್ನು ಒಂದಾಗಿಸಿ, ಅವುಗಳ ನಡುವಿನ ಚಲನೆಯನ್ನು ಶಾಶ್ವತವಾಗಿ ನಿಲ್ಲಿಸುತ್ತೇವೆ. ತಲೆಯನ್ನು ಪಕ್ಕಕ್ಕೆ ಹೊರಳಿಸುವ ಸಾಮರ್ಥ್ಯದ ದೊಡ್ಡ ಪಾಲನ್ನು ಬಿಟ್ಟುಕೊಟ್ಟು ಬೆನ್ನುಹುರಿಯನ್ನು ಉಳಿಸಿಕೊಳ್ಳುವ ಒಪ್ಪಂದ ಇದು. ಕತ್ತಿನ ಉಳಿದ ಕೀಲುಗಳು ಆ ನಷ್ಟವನ್ನು ಎಷ್ಟು ತುಂಬಿಕೊಡುತ್ತವೆ ಎಂದರೆ, ಚೇತರಿಸಿಕೊಂಡ ನಾಯಿಯನ್ನು ನೋಡಿದವರಿಗೆ ಏನು ಕಳೆದಿದೆ ಎಂಬುದು ಗೊತ್ತಾಗುವುದೂ ಕಷ್ಟ.

ಈ ರೋಗವನ್ನು ನಾಯಿಗಳಲ್ಲಿ ಗುರುತಿಸಿ ವಿವರಿಸಿದ ಬರಹ 1967ರಲ್ಲಿ ಪ್ರಕಟವಾಯಿತು. ಗೀರಿ, ಆಲಿವರ್, ಹೋರ್ಲೈನ್ ಎಂಬ ಮೂವರು ಅದನ್ನು ಬರೆದವರು. ಆ ಕಾಲದಲ್ಲಿ ರೂಢಿಗೆ ಬಂದ ಶಸ್ತ್ರಚಿಕಿತ್ಸೆ ಹೆಡಕಿನ ಕಡೆಯಿಂದ ಮಾಡುವಂಥದು. ನಾಯಿಯನ್ನು ಹೊಟ್ಟೆಯ ಮೇಲೆ ಮಲಗಿಸಿ, ಹೆಡಕನ್ನು ಸೀಳಿ, ಅಟ್ಲಾಸಿನ ಕಮಾನಿನ ಕೆಳಗೆ ಸಣ್ಣ ಉಕ್ಕಿನ ತಂತಿಯನ್ನು ತೂರಿಸಿ, ಅದನ್ನು ಆಕ್ಸಿಸ್‌ನ ಏಣಿನಲ್ಲಿ ಕೊರೆದ ರಂಧ್ರಗಳ ಮೂಲಕ ಎಳೆದು ಬಿಗಿಯುತ್ತಾರೆ. ನೋಡಲು ಸರಳವಾಗಿ ಕಾಣುತ್ತದೆ. ಆದರೆ ಕಮಾನಿನ ಕೆಳಗೆ ತಂತಿ ತೂರುವ ಸಂದಿ ಯಾವುದು? ಬೆನ್ನುಹುರಿ ಇರುವ ಸಂದಿಯೇ. ಉಸಿರಿನ ಆಜ್ಞೆ ಹಾದುಹೋಗುವ ಜಾಗದಲ್ಲಿ ತಂತಿ ಅರೆಕ್ಷಣ ಒತ್ತಿದರೂ ನಾಯಿ ಮೇಜಿನ ಮೇಲೆಯೇ ಉಸಿರು ನಿಲ್ಲಿಸಬಹುದು. ಮುಂದೆ ತಂತಿ ತುಂಡಾಗಬಹುದು, ಕಾಗದದಷ್ಟು ತೆಳುವಾದ ಮೂಳೆಯನ್ನೇ ಕೊಯ್ದುಕೊಂಡು ಹೊರಬರಬಹುದು. ಕೀಲಿನ ಮೇಲ್ಮೈಗಳನ್ನು ಮುಟ್ಟದೆ ಬಿಡುವುದರಿಂದ ಅಲ್ಲಿ ಮೂಳೆ ಬೆಸೆದುಕೊಳ್ಳುವ ಭರವಸೆಯೂ ಇಲ್ಲ. ತಂತಿಯ ಬದಲು ಕೊಕ್ಕೆಯಂಥ ಸಾಧನವನ್ನು ಬಳಸುವ ಮಾರ್ಪಾಡುಗಳು ಆಮೇಲೆ ಬಂದವು. ಕೆಲವು ನಾಯಿಗಳಿಗೆ ಅವುಗಳಿಂದ ಒಳ್ಳೆಯದೂ ಆಯಿತು.

1981ರಲ್ಲಿ ಸಾರ್ಜನೆನ್ ಮತ್ತು ಶೈರ್ಸ್ ಕತ್ತಿನ ಮುಂಭಾಗದಿಂದ, ಅಂದರೆ ಗಂಟಲಿನ ಕಡೆಯಿಂದ ಕೀಲನ್ನು ತಲುಪುವ ಕ್ರಮವನ್ನು ಪ್ರಕಟಿಸಿದರು. ಇಂದು ಹೆಚ್ಚಿನ ನರಶಸ್ತ್ರವೈದ್ಯರು ಆರಿಸಿಕೊಳ್ಳುವುದು ಇದನ್ನೇ, ನನ್ನ ಆಯ್ಕೆಯೂ ಇದೇ. ಈ ದಾರಿಯಲ್ಲಿ ಬೆನ್ನುಹುರಿಯ ಜಾಗಕ್ಕೆ ಏನನ್ನೂ ತೂರಿಸಬೇಕಾಗಿಲ್ಲ, ಡೆನ್ಸ್ ಒತ್ತುತ್ತಿದ್ದರೆ ಅದನ್ನು ತೆಗೆಯಲೂಬಹುದು, ಕೀಲಿನ ಒಳಮೈಯನ್ನು ಕೆರೆದು ಮೂಳೆ ಬೆಸೆಯುವಂತೆ ಮಾಡಬಹುದು.

ಆ ಶಸ್ತ್ರಚಿಕಿತ್ಸೆಯನ್ನು ಹತ್ತಿರದಿಂದ ತೋರಿಸಲು ಯತ್ನಿಸುತ್ತೇನೆ. ಅದಕ್ಕೆ ಮೊದಲಿನ ಸಿದ್ಧತೆಯೇ ಅರ್ಧ ಕೆಲಸ. ಎರಡು ಕಿಲೋ ತೂಕದ ನಾಯಿಯನ್ನು ದೊಡ್ಡ ನಾಯಿಯಂತೆ ರಾತ್ರಿಯಿಡೀ ಉಪವಾಸ ಕೆಡವಿದರೆ ರಕ್ತದ ಸಕ್ಕರೆ ಕುಸಿಯುತ್ತದೆ, ಆದುದರಿಂದ ಉಪವಾಸದ ಅವಧಿಯನ್ನು ಚಿಕ್ಕದು ಮಾಡಿ ಸಕ್ಕರೆಯನ್ನು ಅಳೆಯುತ್ತಿರಬೇಕು. ಮೈಬಿಸಿ ಬೇಗ ಇಳಿಯುವುದರಿಂದ ಮೇಜಿನ ಮೇಲೆ ಬಿಸಿ ಹಾಸು ಬೇಕು. ಉಸಿರುಕೊಳವೆ ಹಾಕುವಾಗ ಒಬ್ಬರು ತಲೆಯನ್ನೂ ಕತ್ತನ್ನೂ ಒಂದೇ ನೇರದಲ್ಲಿ ಹಿಡಿದುಕೊಂಡೇ ಇರಬೇಕು. ಆಮೇಲೆ ನಾಯಿಯನ್ನು ಬೆನ್ನಿನ ಮೇಲೆ ಮಲಗಿಸಿ, ಕತ್ತಿನ ಕೆಳಗೆ ಸುತ್ತಿದ ಟವೆಲ್ ಕೊಟ್ಟು, ತಲೆ ಸ್ವಲ್ಪ ಹಿಂದಕ್ಕೆ ಚಾಚುವಂತೆ ಮಾಡಿದರೆ ಜರುಗಿದ ಮೂಳೆಗಳು ಬಹುಮಟ್ಟಿಗೆ ತಾವಾಗಿಯೇ ಸ್ಥಾನಕ್ಕೆ ಹಿಂದಿರುಗುತ್ತವೆ.

ಗಂಟಲಿನ ಚರ್ಮವನ್ನು ಸೀಳಿದ ಮೇಲೆ ಸ್ನಾಯುಗಳ ಪದರಗಳನ್ನು ಬೇರೆಮಾಡುತ್ತ ಹೋಗಬೇಕು. ದಾರಿಯಲ್ಲಿ ಶ್ವಾಸನಾಳ, ಅನ್ನನಾಳ, ತಲೆಗೆ ರಕ್ತ ಒಯ್ಯುವ ದೊಡ್ಡ ಧಮನಿ, ಧ್ವನಿಪೆಟ್ಟಿಗೆಯನ್ನು ಆಡಿಸುವ ದಾರದಂಥ ನರ ಇವೆಲ್ಲ ಇವೆ. ಅವುಗಳನ್ನು ಪಕ್ಕಕ್ಕೆ ಸರಿಸಿ ಹಿಡಿಯುವುದು ಸಹಾಯಕರ ಕೆಲಸ, ಮತ್ತು ಆ ಕೆಲಸವನ್ನು ಹಗುರವಾಗಿ ಎಣಿಸಬಾರದು. ಬಿಗಿಯಾಗಿ ಎಳೆದರೆ ನರ ಸೋತು ಧ್ವನಿಪೆಟ್ಟಿಗೆ ಮುಚ್ಚಿಕೊಳ್ಳುತ್ತದೆ, ಪುಟ್ಟ ತಳಿಗಳಲ್ಲಿ ಮೊದಲೇ ಮೆತ್ತಗಿರುವ ಶ್ವಾಸನಾಳ ನಲುಗುತ್ತದೆ. ಕೊನೆಯ ಸ್ನಾಯುವನ್ನು ಮೂಳೆಯಿಂದ ಬಿಡಿಸಿದಾಗ, ಅಟ್ಲಾಸ್ ಮತ್ತು ಆಕ್ಸಿಸ್ ಕೂಡುವಲ್ಲಿ ಎಡಕ್ಕೊಂದು ಬಲಕ್ಕೊಂದು, ಎರಡು ಪುಟ್ಟ ಕೀಲುಗಳು ಕಾಣಿಸುತ್ತವೆ. ಅವುಗಳ ಒಳಗಿನ ಹೊಳೆಯುವ ಮೃದ್ವಸ್ಥಿಯನ್ನು ಕೆರೆದು ತೆಗೆದು, ರಕ್ತ ಜಿನುಗುವ ಮೂಳೆ ಹೊರಬರುವಂತೆ ಮಾಡಬೇಕು. ಮೃದ್ವಸ್ಥಿ ಇರುವ ತನಕ ಮೂಳೆಗೆ ಮೂಳೆ ಅಂಟುವುದಿಲ್ಲ. ಮುಂಗಾಲಿನ ಭುಜದ ಮೂಳೆಯಿಂದ ತೆಗೆದ ಜಾಲರಿಯಂಥ ಮೂಳೆಯ ತುಣುಕುಗಳನ್ನು ಆ ಸಂದಿಗೆ ತುಂಬುತ್ತಾರೆ. ಬೆಸುಗೆಗೆ ಅದೇ ಬೀಜ.

ಇನ್ನು ಸ್ಕ್ರೂಗಳು. ಆಕ್ಸಿಸ್‌ನ ಕಡೆಯಿಂದ ಹೊರಟು, ಕೀಲನ್ನು ದಾಟಿ, ಅಟ್ಲಾಸಿನ ರೆಕ್ಕೆಯ ಬುಡದ ಕಡೆಗೆ ಓರೆಯಾಗಿ ಸಾಗುವಂತೆ ಪ್ರತಿ ಪಕ್ಕದಲ್ಲೂ ಒಂದು ಸ್ಕ್ರೂ ಕೂರಿಸಬೇಕು. ಇಂಥ ನಾಯಿಗೆ ಬಳಸುವ ಸ್ಕ್ರೂವಿನ ವ್ಯಾಸ ಸಾಮಾನ್ಯವಾಗಿ 1.5 ಮಿಲಿಮೀಟರ್. ಅದು ಹೋಗಬೇಕಾದ ಮೂಳೆಯ ದಪ್ಪವೂ ಕೆಲವೇ ಮಿಲಿಮೀಟರ್. ದಾರಿ ಸ್ವಲ್ಪ ಒಳಕ್ಕೆ ತಪ್ಪಿದರೆ ಬೆನ್ನುಹುರಿ, ಹೊರಕ್ಕೆ ತಪ್ಪಿದರೆ ಮಿದುಳಿಗೆ ರಕ್ತ ಒಯ್ಯುವ ಧಮನಿ. ಒಮ್ಮೆ ಕೊರೆದ ರಂಧ್ರ ದೊಡ್ಡದಾದರೆ ಇನ್ನೊಂದಕ್ಕೆ ಅಲ್ಲಿ ಜಾಗವಿಲ್ಲ. ಇತ್ತೀಚಿನ ವರ್ಷಗಳಲ್ಲಿ ಸಿ.ಟಿ. ಚಿತ್ರದಿಂದ ಆಯಾ ನಾಯಿಯ ಮೂಳೆಯ ಪ್ರತಿರೂಪವನ್ನೂ, ಡ್ರಿಲ್ ಸಾಗಬೇಕಾದ ಕೋನವನ್ನು ಹಿಡಿದುಕೊಡುವ ಅಚ್ಚನ್ನೂ ತ್ರೀಡಿ ಪ್ರಿಂಟರ್‌ನಲ್ಲಿ ತೆಗೆದು, ಮೇಜಿನ ಮೇಲೆ ಅಭ್ಯಾಸ ಮಾಡಿ ಬರುವ ರೂಢಿ ಹಲವು ದೇಶಗಳಲ್ಲಿ ಬೆಳೆದಿದೆ. ಇದರಷ್ಟು ನೆಮ್ಮದಿ ಕೊಟ್ಟ ಬದಲಾವಣೆಯನ್ನು ಈ ಶಸ್ತ್ರಚಿಕಿತ್ಸೆಯಲ್ಲಿ ನಾನು ಇನ್ನೊಂದು ಕಂಡಿಲ್ಲ.

ಎರಡು ಸ್ಕ್ರೂಗಳ ಹಿಡಿತವನ್ನು ಮಾತ್ರ ನಂಬಿ ಬಿಡುವ ಬದಲು, ಎರಡು ಮೂಳೆಗಳಲ್ಲೂ ಇನ್ನಷ್ಟು ಸ್ಕ್ರೂ ಅಥವಾ ಪಿನ್‌ಗಳನ್ನು ಕೂರಿಸಿ, ಅವುಗಳ ತಲೆಗಳು ಮೂಳೆಯಿಂದ ಸ್ವಲ್ಪ ಮೇಲೆ ಚಾಚಿರುವಂತೆ ಬಿಟ್ಟು, ಎಲ್ಲವನ್ನೂ ಬೋನ್ ಸಿಮೆಂಟಿನಿಂದ ಒಂದೇ ಮುದ್ದೆಯಾಗಿ ಬಿಗಿಯುವ ಕ್ರಮ 1990ರ ದಶಕದಿಂದ ಹೆಚ್ಚು ಬಳಕೆಗೆ ಬಂತು. ಪುಡಿಯನ್ನೂ ದ್ರವವನ್ನೂ ಬೆರೆಸಿದಾಗ ಸಿಮೆಂಟು ಮೊದಲು ನೀರಾಗಿರುತ್ತದೆ, ಆಮೇಲೆ ಚಪಾತಿ ಹಿಟ್ಟಿನ ಹದಕ್ಕೆ ಬರುತ್ತದೆ, ಕೆಲವೇ ನಿಮಿಷಗಳಲ್ಲಿ ಕಲ್ಲಾಗುತ್ತದೆ. ಕೈಗವಸಿಗೆ ಅಂಟದ ಹದ ಬಂದ ಕೂಡಲೇ ಸ್ಕ್ರೂಗಳ ಸುತ್ತ ಒತ್ತಿ ಕೂರಿಸಬೇಕು. ಗಟ್ಟಿಯಾಗುವಾಗ ಅದು ಕೈಗೆ ತಿಳಿಯುವಷ್ಟು ಬಿಸಿಯಾಗುತ್ತದೆ, ಆ ಬಿಸಿ ಕೆಳಗಿನ ಬೆನ್ನುಹುರಿಗೂ ಪಕ್ಕದ ಅನ್ನನಾಳಕ್ಕೂ ತಾಗದಂತೆ ತಣ್ಣನೆಯ ಸಲೈನ್ ಹನಿಸುತ್ತಲೇ ಇರಬೇಕು. ಮುದ್ದೆ ದೊಡ್ಡದಾದಷ್ಟೂ ಗಟ್ಟಿ ಎಂದು ಭಾವಿಸಿ ಹೆಚ್ಚು ಹಾಕಿದರೆ ನಾಯಿ ನುಂಗಲು ಕಷ್ಟಪಡುತ್ತದೆ. ಚಿನ್ನುವಿಗೆ ಹಾಕಿದ ಮುದ್ದೆ ಒಂದು ಹುಣಸೆ ಬೀಜಕ್ಕಿಂತ ತುಸು ದೊಡ್ಡದಿತ್ತು, ಅಷ್ಟೆ.

ಶಸ್ತ್ರಚಿಕಿತ್ಸೆ ಮುಗಿದ ಮೇಲಿನ ಮೊದಲ ಕೆಲವು ದಿನಗಳೇ ಅತ್ಯಂತ ಕಠಿಣ. ಅನ್ನನಾಳ ಮತ್ತು ಗಂಟಲು ಊದಿಕೊಂಡಿರುತ್ತವೆ, ನಾಯಿ ವಾಂತಿ ಮಾಡಿದರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ನಾನು ಈ ಶಸ್ತ್ರಚಿಕಿತ್ಸೆಯನ್ನು ಮಾಡಲು ಆರಂಭಿಸಿದ ದಿನಗಳಲ್ಲಿ ಒಂದು ಯಾರ್ಕ್‌ಷೈರ್ ಟೆರಿಯರ್ ನಾಯಿಯನ್ನು ಹೀಗೆಯೇ ಕಳೆದುಕೊಂಡೆ. ಸ್ಕ್ರೂಗಳು ಎಕ್ಸ್-ರೇಯಲ್ಲಿ ಬೇಕಾದ ಜಾಗದಲ್ಲೇ ಇದ್ದವು. ಎರಡನೆಯ ದಿನ ಅದು ಎದ್ದು ನಿಂತು ನಾಲ್ಕು ಹೆಜ್ಜೆ ಇಟ್ಟಿತ್ತು. ಮೂರನೆಯ ರಾತ್ರಿ ನ್ಯುಮೋನಿಯಾದಿಂದ ತೀರಿಕೊಂಡಿತು. ಅಂದು ಅದಕ್ಕೆ ತಿನ್ನಿಸಿದವರಿಗೆ ತಲೆಯನ್ನು ಎತ್ತರದಲ್ಲಿರಿಸಿ, ಮೆತ್ತಗಿನ ಆಹಾರವನ್ನು ಸಣ್ಣ ಉಂಡೆ ಮಾಡಿ ಕೊಡಬೇಕೆಂದು ನಾನು ಬಾಯಲ್ಲಿ ಹೇಳಿದ್ದೆನೇ ಹೊರತು ಬರೆದುಕೊಟ್ಟಿರಲಿಲ್ಲ, ಪಕ್ಕದಲ್ಲಿ ನಿಂತು ತೋರಿಸಿರಲಿಲ್ಲ. ಆಮೇಲೆ ಪ್ರತಿ ನಾಯಿಗೂ ಮೊದಲ ಮೂರು ದಿನಗಳ ತುತ್ತನ್ನು ನಾನಿದ್ದಾಗಲೇ ಕೊಡಿಸುತ್ತೇನೆ. ಶಸ್ತ್ರಚಿಕಿತ್ಸೆಯ ಸಮಯದಲ್ಲೋ ಅದರ ಬೆನ್ನಲ್ಲೇ ಬರುವ ದಿನಗಳಲ್ಲೋ ಸಾಯುವ ನಾಯಿಗಳ ಪ್ರಮಾಣ ಬೇರೆ ಬೇರೆ ವರದಿಗಳಲ್ಲಿ ಬೇರೆ ಬೇರೆಯಾಗಿದ್ದರೂ, ಹತ್ತರಲ್ಲಿ ಒಂದಕ್ಕಿಂತ ಕಡಿಮೆ ಎಂದು ಮನೆಯವರಿಗೆ ಭರವಸೆ ಕೊಡುವ ಧೈರ್ಯ ನನಗಿಲ್ಲ. ಈ ಹಂತವನ್ನು ದಾಟಿದ ನಾಯಿಗಳಲ್ಲಿ ಬಹುಪಾಲು ಚೆನ್ನಾಗಿಯೇ ಬದುಕುತ್ತವೆ.

ಯಾವ ನಾಯಿಗೆ ಒಳ್ಳೆಯದಾಗುತ್ತದೆ ಎಂಬುದಕ್ಕೆ 2000ದಲ್ಲಿ ಬಂದ ಒಂದು ಅಧ್ಯಯನವನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. 1978ರಿಂದ 1998ರವರೆಗೆ ಶಸ್ತ್ರಚಿಕಿತ್ಸೆ ಪಡೆದ 46 ನಾಯಿಗಳನ್ನು ಅದರಲ್ಲಿ ಪರಿಶೀಲಿಸಿದ್ದರು. ಲಕ್ಷಣಗಳು ಶುರುವಾದಾಗ ಎರಡು ವರ್ಷ ತುಂಬಿರದ ನಾಯಿಗಳು, ಲಕ್ಷಣಗಳು ಶುರುವಾಗಿ ಹತ್ತು ತಿಂಗಳು ಮೀರದ ನಾಯಿಗಳು, ಶಸ್ತ್ರಚಿಕಿತ್ಸೆಗೆ ಮುನ್ನ ಕಾಲುಗಳ ಬಲ ಹೆಚ್ಚು ಕುಂದಿರದ ನಾಯಿಗಳು ಉಳಿದವಕ್ಕಿಂತ ಚೆನ್ನಾಗಿ ಚೇತರಿಸಿಕೊಂಡವು. ಈ ಮೂರರಲ್ಲಿ ವಯಸ್ಸು ನಮ್ಮ ಕೈಯಲ್ಲಿಲ್ಲ. ಕಾಲವನ್ನು ಪೋಲು ಮಾಡದಿರುವುದು ನಮ್ಮ ಕೈಯಲ್ಲಿದೆ. ಚಿನ್ನುವಿನ ಎರಡು ತಿಂಗಳು ಹೊಟ್ಟೆಯ ಔಷಧಿಯಲ್ಲಿ ಕಳೆದುಹೋಗಿತ್ತು. ಆದರೂ ಅದು ನಡೆಯುತ್ತಲೇ ಬಂದಿದ್ದುದು ಅದರ ಅದೃಷ್ಟ. ನೋವಿನ ಗುಳಿಗೆಯೋ ಸ್ಟಿರಾಯ್ಡೋ ಕೊಟ್ಟಾಗ ಇಂಥ ನಾಯಿ ಎರಡು ದಿನ ಚೆನ್ನಾಗಿ ಕಾಣುತ್ತದೆ, ಮಂಚ ಹತ್ತಿ ಇಳಿಯುತ್ತದೆ, ಮನೆಯವರು ವಾಸಿಯಾಯಿತೆಂದು ಸಮಾಧಾನಪಡುತ್ತಾರೆ. ನೋವೇ ಆ ಕತ್ತನ್ನು ಅಲುಗದಂತೆ ಹಿಡಿದಿತ್ತು ಎಂಬುದು ಆಗ ಯಾರಿಗೂ ಹೊಳೆಯುವುದಿಲ್ಲ. ನೋವು ಶಮನ ಮಾಡಲೇಬೇಕು, ಆದರೆ ಪಂಜರದ ವಿಶ್ರಾಂತಿಯ ಜೊತೆಯಲ್ಲಿ ಮಾಡಬೇಕು.

ಸಿ.ಟಿ. ಸ್ಕ್ಯಾನ್ ಮತ್ತು ಈ ಶಸ್ತ್ರಚಿಕಿತ್ಸೆಯ ಅನುಭವ ಎರಡೂ ಇರುವ ಕಡೆ ತಲುಪಲು ನಮ್ಮ ರಾಜ್ಯದ ಅನೇಕರು ದೂರ ಪ್ರಯಾಣ ಮಾಡಬೇಕಾಗುತ್ತದೆ. ಆ ಪ್ರಯಾಣವನ್ನೂ ಚಿಕಿತ್ಸೆಯ ಭಾಗವೆಂದೇ ತಿಳಿಯಿರಿ. ನಾಯಿಯನ್ನು ಮಡಿಲಲ್ಲಿ ಕೂರಿಸಿಕೊಳ್ಳಬೇಡಿ. ಗಟ್ಟಿ ತಳದ ರಟ್ಟಿನ ಪೆಟ್ಟಿಗೆಯಲ್ಲಿ ಪಕ್ಕಕ್ಕೆ ಮಲಗಿಸಿ, ಕತ್ತಿನ ಎರಡೂ ಪಕ್ಕಗಳಲ್ಲಿ ಸುತ್ತಿದ ಟವೆಲ್ ಇಟ್ಟು, ತಲೆ ಮತ್ತು ಬೆನ್ನು ಒಂದೇ ನೇರದಲ್ಲಿರುವಂತೆ ನೋಡಿಕೊಳ್ಳಿ. ಎತ್ತಬೇಕಾದರೆ ಪೆಟ್ಟಿಗೆಯನ್ನು ಎತ್ತಿ, ನಾಯಿಯನ್ನಲ್ಲ. ಕೊರಳಪಟ್ಟಿಯನ್ನು ಅದೇ ಕ್ಷಣ ಬಿಚ್ಚಿಹಾಕಿ. ರಸ್ತೆಯ ಉಬ್ಬುಗಳಲ್ಲಿ ವಾಹನ ನಿಧಾನವಾಗಲಿ. ನಾಲಿಗೆ ನೀಲಿಯಾದರೆ, ಉಸಿರು ತಡೆತಡೆದು ಬಂದರೆ, ದಾರಿಯಲ್ಲಿ ಸಿಗುವ ಮೊದಲ ಪಶು ಆಸ್ಪತ್ರೆಯಲ್ಲಿ ನಿಲ್ಲಿಸಿ ಆಮ್ಲಜನಕ ಕೊಡಿಸಿ.

ಚಿನ್ನುವನ್ನು ಶಸ್ತ್ರಚಿಕಿತ್ಸೆಯ ನಂತರ ಎಂಟು ವಾರ ಪಂಜರದಲ್ಲಿಟ್ಟಿದ್ದರು. ಆ ಅಮ್ಮ ಪಂಜರದ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗುತ್ತಿದ್ದರಂತೆ. ಮೂರು ತಿಂಗಳ ನಂತರ ತೆಗೆದ ಎಕ್ಸ್-ರೇಯಲ್ಲಿ ಕೀಲಿನ ಸಂದಿ ಮಸುಕಾಗಿ, ಎರಡು ಮೂಳೆಗಳ ನಡುವೆ ಹೊಸ ಮೂಳೆಯ ಸೇತುವೆ ಕಾಣುತ್ತಿತ್ತು. ಸ್ಕ್ರೂಗಳನ್ನು ಯಾವಾಗ ತೆಗೆಯುತ್ತೀರಿ ಎಂದು ಅವರು ಕೇಳಿದರು. ಸಡಿಲವಾದರೆ, ಜರುಗಿದರೆ ಅಥವಾ ಸೋಂಕು ತಗುಲಿದರೆ ಹೊರತು ಅವುಗಳನ್ನು ತೆಗೆಯುವುದಿಲ್ಲ. ಕೊರಳಪಟ್ಟಿ ಮತ್ತೆ ಹಾಕಬಹುದೇ ಎಂದರು. ಬೇಡ, ಜೀವನಪೂರ್ತಿ ಎದೆಗೆ ಕಟ್ಟುವ ಹಾರ್ನೆಸ್ ಸಾಕು ಎಂದೆ. ಮರಿ ಹಾಕಿಸಬಹುದೇ ಎಂದು ಅವರ ಮಗ ಕೇಳಿದರು. ಹುಟ್ಟಿನಿಂದ ಬಂದ ದೋಷ ಇದಾದ್ದರಿಂದ ಇಂಥ ನಾಯಿಯಿಂದ ಮರಿ ಪಡೆಯಬಾರದು ಎಂದು ತಿಳಿಸಿ, ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆಗೆ ದಿನ ಗೊತ್ತುಮಾಡಿದೆ. ಹೊರಡುವ ಮೊದಲು ಅವರು ಚಿನ್ನುವಿನ ತಟ್ಟೆಯನ್ನು ಚೀಲದಿಂದ ತೆಗೆದು ನೆಲದ ಮೇಲಿಟ್ಟು ಎರಡು ತುತ್ತು ಮೊಸರನ್ನ ಹಾಕಿದರು. ನಾಯಿ ತಲೆ ತಗ್ಗಿಸಿ ತಿಂದಿತು.